ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಹೇಳುವವನ ಕಷ್ಟ ಎಷ್ಟೇ ನಿಜವಾಗಿರಲಿ, ಕೇಳುವವನ ಕಣ್ಣು ಗಂಟಿನ ಮೇಲೆಯೇ ಇರುತ್ತದೆ. ನಾವು ನೆಲೆಸಿರುವ ಈ ಕ್ಯಾಲಿಫೋರ್ನಿಯಾದ ಸಂಚಾರ ನ್ಯಾಯಾಲಯಗಳನ್ನು ಬಣ್ಣಿಸಲು ಇದಕ್ಕಿಂತ ಒಪ್ಪುವ ಮಾತು ನನಗೆ ದೊರೆತಿಲ್ಲ. ಅವುಗಳಿಗೆ ನ್ಯಾಯಾಲಯವೆಂಬ ಹೆಸರಿದೆ, ಎತ್ತರದ ಪೀಠವಿದೆ, ಧ್ವಜವಿದೆ, ಕಪ್ಪು ನಿಲುವಂಗಿಯೂ ಇದೆ. ನಡೆಯುವ ಕಾರ್ಯ ಮಾತ್ರ ಬಹುಪಾಲು ವಸೂಲಿ.

ನಮ್ಮ ಬಾಂಧವರಲ್ಲಿ ಅನೇಕರಿಗೆ ಈ ಮಾತು ಅತಿಯೆನಿಸಬಹುದು. ಒಳ್ಳೆಯ ಸಂಬಳ ಪಡೆಯುವವರಿಗೆ ಟಿಕೆಟ್ಟು ಒಂದು ಸಂಜೆಯ ಬೇಸರ. ಗಣಕಯಂತ್ರದ ಮುಂದೆ ಕುಳಿತು ಹಣ ಕಟ್ಟಿ, ಟ್ರಾಫಿಕ್ ಸ್ಕೂಲಿನ ಪಾಠ ಮುಗಿಸಿ ಮರೆತುಬಿಡುವ ಸಂಗತಿ. ಹಾಗೆ ಮರೆಯುವ ಅನುಕೂಲ ಎಲ್ಲರಿಗೂ ಇಲ್ಲವೆಂಬುದೇ ನನ್ನ ತಕರಾರು.

ಮೊದಲು ಲೆಕ್ಕ ನೋಡೋಣ. ಕೆಂಪು ದೀಪ ದಾಟಿದ್ದಕ್ಕೆ ಈ ರಾಜ್ಯದಲ್ಲಿ ನಿಗದಿಯಾಗಿರುವ ಮೂಲದಂಡ 100 ಡಾಲರು. ಮನೆಗೆ ಬರುವ ಕಾಗದದಲ್ಲಿ ನಮೂದಾಗುವ ಮೊತ್ತವಾದರೋ ಸುಮಾರು 490. ನಡುವಿನ 390 ಡಾಲರು ಎಲ್ಲಿಂದ ಬಂದಿತು? ಮೂಲದಂಡದ ಪ್ರತಿ 10 ಡಾಲರಿಗೆ ರಾಜ್ಯದ ಹೆಚ್ಚುವರಿ ದಂಡ 10, ಕೌಂಟಿಯದು 7, ನ್ಯಾಯಾಲಯದ ಕಟ್ಟಡಗಳಿಗೆ 5, ಡಿಎನ್ಎ ಪರೀಕ್ಷೆಯ ನಿಧಿಗೆ 5, ತುರ್ತು ವೈದ್ಯಕೀಯ ಸೇವೆಗೆ 2. ಅದರ ಮೇಲೆ ಮೂಲದಂಡದ ನೂರಕ್ಕೆ 20ರಷ್ಟು ಸರ್ಚಾರ್ಜು. ಬಳಿಕ ನ್ಯಾಯಾಲಯದ ನಿರ್ವಹಣೆಗೆಂದು 40, ತಪ್ಪಿತಸ್ಥರೆಂದು ತೀರ್ಮಾನವಾದದ್ದಕ್ಕೆ 35, ಇನ್ನು ಒಂದೆರಡು ಚಿಲ್ಲರೆ ಬಾಬತ್ತುಗಳು. ದೀಪ ದಾಟಿದ ಅಪರಾಧಕ್ಕೂ ಡಿಎನ್ಎ ಪರೀಕ್ಷೆಗೂ ಏನು ನಂಟೆಂದು ಕೇಳಬೇಡಿ. ನಿಧಿಗೆ ಹಣ ಬೇಕಿತ್ತು, ಟಿಕೆಟ್ಟು ಕೈಗೆ ಸಿಕ್ಕಿತು.

ಇದಕ್ಕೊಂದು ಇತಿಹಾಸವಿದೆ. 1978ರ ಹದಿಮೂರನೆಯ ಪ್ರಸ್ತಾವದ ನಂತರ ಈ ರಾಜ್ಯದಲ್ಲಿ ತೆರಿಗೆ ಏರಿಸಬೇಕಾದರೆ ಶಾಸನಸಭೆಯ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕು. ಆ ಪ್ರಸ್ತಾವದಿಂದ ಮನೆತೆರಿಗೆಯಲ್ಲಿ ಲಾಭ ಪಡೆದವರಲ್ಲಿ ನಮ್ಮವರೂ ಸಾಕಷ್ಟು ಮಂದಿ ಇದ್ದಾರೆ. ಆದರೆ ನ್ಯಾಯಾಲಯ ವಿಧಿಸುವ ದಂಡ ತೆರಿಗೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ತೆರಿಗೆದಾರನ ಸಿಟ್ಟಿಗೆ ಹೆದರಿದ ರಾಜಕಾರಣಿಗೆ ತಪ್ಪಿತಸ್ಥನ ಜೇಬು ಸುಲಭವಾಗಿ ಕಂಡಿತು. ಅವನ ಪರವಾಗಿ ಮಾತನಾಡುವವರು ಯಾರು?

ಶಿಕ್ಷೆಯನ್ನು ಆದಾಯದ ಮೂಲವಾಗಿಸಿದಾಗ ಏನಾಗುತ್ತದೆ ಎಂಬುದು ಈ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ಓಹಾಯೋ ರಾಜ್ಯದಲ್ಲಿ ಪಟ್ಟಣದ ಮೇಯರನೇ ನ್ಯಾಯಾಧೀಶನಾಗಿ ಕುಳಿತು, ತಪ್ಪಿತಸ್ಥರಿಂದ ವಸೂಲಾಗುವ ಹಣದಲ್ಲಿ ತಾನೇ ಪಾಲು ಪಡೆಯುವ ಪದ್ಧತಿಯಿತ್ತು. 1927ರಲ್ಲಿ ಅದನ್ನು ಸಂವಿಧಾನಬಾಹಿರವೆಂದು ತೀರ್ಪಿತ್ತರು. 1972ರಲ್ಲಿ ಅದೇ ರಾಜ್ಯದ ಮನ್ರೋವಿಲ್ ಎಂಬ ಗ್ರಾಮದ ಮೊಕದ್ದಮೆ ಬಂದಿತು. ಅಲ್ಲಿ ಮೇಯರನ ಸ್ವಂತ ಜೇಬಿಗೆ ಏನೂ ಹೋಗುತ್ತಿರಲಿಲ್ಲ. ಆದರೆ ಗ್ರಾಮದ ಆದಾಯದ ದೊಡ್ಡ ಪಾಲು ಅವನು ವಿಧಿಸುವ ದಂಡದಿಂದಲೇ ಬರುತ್ತಿತ್ತು. ಅಷ್ಟಿದ್ದರೂ ಸಾಕು, ಅವನ ತಕ್ಕಡಿ ನೆಟ್ಟಗಿರಲಾರದು ಎಂದಿತು ನ್ಯಾಯಾಲಯ. ಆ ಮೊಕದ್ದಮೆ ಹುಟ್ಟಿದ್ದು ಎರಡು ಸಂಚಾರ ತಪ್ಪುಗಳಿಂದ ಎಂಬುದನ್ನು ಗಮನಿಸಬೇಕು.

ಗೊತ್ತಿದ್ದೂ ಪದ್ಧತಿ ನಿಲ್ಲಲಿಲ್ಲ. ಮಿಸೂರಿಯ ಫರ್ಗುಸನ್ ನಗರದ ಬಗ್ಗೆ ಕೇಂದ್ರ ನ್ಯಾಯ ಇಲಾಖೆ 2015ರಲ್ಲಿ ಪ್ರಕಟಿಸಿದ ವರದಿಯನ್ನು ಓದಿದವರಿಗೆ ನೆನಪಿರುತ್ತದೆ: ಇಪ್ಪತ್ತೊಂದು ಸಾವಿರದಷ್ಟು ಜನರಿರುವ ಊರಿನಲ್ಲಿ, 2013ರ ಒಂದೇ ವರ್ಷದಲ್ಲಿ, ಅಲ್ಲಿನ ನ್ಯಾಯಾಲಯ 9,000ಕ್ಕೂ ಹೆಚ್ಚು ವಾರಂಟುಗಳನ್ನು ಹೊರಡಿಸಿತ್ತು, ಅವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಪಾರ್ಕಿಂಗ್, ಸಂಚಾರ ಮೊದಲಾದ ಸಣ್ಣ ತಪ್ಪುಗಳು. ಫರ್ಗುಸನ್ ದೂರದ ಊರು, ನಮ್ಮ ಕ್ಯಾಲಿಫೋರ್ನಿಯಾ ಪ್ರಗತಿಪರ ರಾಜ್ಯ ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನೂ ಕೇಳಲಿ. 2017ರ ತನಕ ದಂಡ ಕಟ್ಟದವರ ಚಾಲನಾ ಪರವಾನಗಿಯನ್ನು ಇಲ್ಲಿ ಅಮಾನತು ಮಾಡುತ್ತಿದ್ದರು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ನಾಡಿನಲ್ಲಿ, ಸಾಲ ತೀರಿಸಬೇಕಾದವನ ಕೈಯಿಂದ ದುಡಿಯುವ ಸಾಧನವನ್ನೇ ಕಿತ್ತುಕೊಳ್ಳುವ ಬುದ್ಧಿವಂತಿಕೆ! ಗಡುವು ತಪ್ಪಿದವರ ಮೇಲೆ ಇನ್ನೊಂದು 300 ಡಾಲರಿನವರೆಗೆ ಹೇರುವ ಅಧಿಕಾರವೂ ನ್ಯಾಯಾಲಯಗಳಿಗಿತ್ತು. 2022ರಲ್ಲಿ ಅದನ್ನು 100ಕ್ಕೆ ಇಳಿಸಿ, ಹಣವನ್ನು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ತಿರುಗಿಸಿದರು. ಅಲ್ಲಿಯವರೆಗೆ ಆ ಹಣ ಸಲ್ಲುತ್ತಿದ್ದದ್ದು ನ್ಯಾಯಾಲಯಗಳ ಖರ್ಚಿಗೇ. ಮನ್ರೋವಿಲ್‌ನ ತೀರ್ಪು ಬಂದು ಅಷ್ಟರಲ್ಲಿ ಐವತ್ತು ವರ್ಷ ತುಂಬಿತ್ತು.

ಇನ್ನು ವಿಚಾರಣೆಯ ರೀತಿ. ಇಲ್ಲಿ ಸಂಚಾರ ತಪ್ಪನ್ನು ಅಪರಾಧಗಳ ಪಟ್ಟಿಯ ಕೊನೆಯ ಮೆಟ್ಟಿಲಲ್ಲಿ ಇಟ್ಟಿದ್ದಾರೆ. ಅದಕ್ಕೆ ಜೂರಿಯಿಲ್ಲ, ಬಡವನಿಗೆ ಸರ್ಕಾರ ನೇಮಿಸುವ ವಕೀಲನೂ ಇಲ್ಲ. ಅಷ್ಟರ ಮಟ್ಟಿಗೆ ಒಪ್ಪೋಣ, ಸಣ್ಣ ತಪ್ಪಿಗೆ ದೊಡ್ಡ ಜಾತ್ರೆ ಬೇಡ. ಆದರೆ ಎದುರು ಪಕ್ಷದ ಸರ್ಕಾರಿ ವಕೀಲನೂ ಸಾಮಾನ್ಯವಾಗಿ ಬರುವುದಿಲ್ಲ. ಟಿಕೆಟ್ಟು ಬರೆದ ಪೊಲೀಸ್ ಅಧಿಕಾರಿ ಸಾಕ್ಷಿಯಾಗಿ ನಿಲ್ಲುತ್ತಾನೆ. ಅವನನ್ನು ಪ್ರಶ್ನಿಸಿ ಆರೋಪವನ್ನು ಹೊರತೆಗೆಯುವವರು ನ್ಯಾಯಾಧೀಶರೇ. ಇದು ಸರಿಯೆಂದು ರಾಜ್ಯದ ಸುಪ್ರೀಂ ಕೋರ್ಟು 1979ರ ಕಾರ್ಲೂಚಿ ಮೊಕದ್ದಮೆಯಲ್ಲಿ ಒಪ್ಪಿಗೆ ಕೊಟ್ಟಿದೆ. ಕಾನೂನಿನ ಪ್ರಕಾರ ಸರಿಯಿರಬಹುದು. ಆದರೆ ಆರೋಪಿಯ ಸ್ಥಾನದಲ್ಲಿ ನಿಂತವನಿಗೆ ಕಾಣುವುದೇನು? ಪೀಠದ ಮೇಲಿರುವವರು ಮತ್ತು ಸಮವಸ್ತ್ರದಲ್ಲಿರುವವರು ಪರಸ್ಪರ ಹೆಸರು ಬಲ್ಲವರು; ಹೊರಗಿನವನು ತಾನೊಬ್ಬನೇ. ಸಂಶಯಕ್ಕೆ ಎಡೆಯಿಲ್ಲದಂತೆ ತಪ್ಪು ಸಾಬೀತಾಗಬೇಕು ಎಂಬ ನಿಯಮ ಈ ಕೋಣೆಗೂ ಅನ್ವಯಿಸುತ್ತದೆ. ಹಾಗೆ ಅನ್ವಯಿಸಿದ್ದನ್ನು ಕಂಡವರು ಅಪರೂಪ.

ಕೆಲವು ತಿಂಗಳ ಹಿಂದೆ ಪರಿಚಯದ ಹೆಣ್ಣುಮಗಳೊಬ್ಬರ ಜೊತೆಯಾಗಿ ಇಂಥ ಒಂದು ಕೋಣೆಯಲ್ಲಿ ಒಂದು ಬೆಳಗ್ಗೆ ಕುಳಿತಿದ್ದೆ. ಶಾಲೆಯೊಂದರ ಅಡುಗೆಮನೆಯಲ್ಲಿ ಗಂಟೆಯ ಲೆಕ್ಕದ ಕೆಲಸ ಅವರದು. ಕೂಡುರಸ್ತೆಯನ್ನು ಪ್ರವೇಶಿಸಿದಾಗ ದೀಪ ಹಳದಿಯಿತ್ತು ಎಂದು ಅವರು, ಕೆಂಪಾಗಿತ್ತು ಎಂದು ಅಧಿಕಾರಿ. ಹಳದಿಯಲ್ಲಿ ಪ್ರವೇಶಿಸುವುದು ಇಲ್ಲಿ ತಪ್ಪಲ್ಲ. ಆದ್ದರಿಂದ ವಿವಾದ ನಿಜವಾದದ್ದು, ವಿಚಾರಣೆಗೆ ತಕ್ಕದ್ದು. ಮೂವತ್ತು ನಲವತ್ತು ಜನರನ್ನು ಒಟ್ಟಿಗೆ ಕೂರಿಸಿ ಹಕ್ಕುಗಳ ಬಗ್ಗೆ ಒಂದು ವಿಡಿಯೋ ತೋರಿಸಿದರು. ಬಳಿಕ ಒಬ್ಬೊಬ್ಬರನ್ನಾಗಿ ಕರೆದರು. ಒಬ್ಬೊಬ್ಬರಿಗೂ ಎರಡು ಮೂರು ನಿಮಿಷ. ತಪ್ಪಿಲ್ಲವೆಂದರೆ ವಿಚಾರಣೆಗೆ ಇನ್ನೊಂದು ದಿನ ಬರಬೇಕು. ಕನ್ನಡದ ದುಭಾಷಿ ಬೇಕೆಂದರೆ ಆ ದಿನ ಇನ್ನೂ ಮುಂದಕ್ಕೆ. ಒಂದು ದಿನದ ಕೂಲಿ ಆಗಲೇ ಹೋಗಿತ್ತು, ಎರಡನೆಯದೂ ಹೋಗಲಿತ್ತು, ಗೆಲ್ಲುವ ಭರವಸೆ ಇರಲಿಲ್ಲ. "ಬಿಡಿ ಅಣ್ಣಾ, ಕಂತಿನಲ್ಲಿ ಕಟ್ಟುತ್ತೇನೆ" ಎಂದರು. ಸಾಲಿನಲ್ಲಿದ್ದವರಲ್ಲಿ ಹೆಚ್ಚಿನವರು ಆ ಬೆಳಗ್ಗೆ ಅದೇ ಲೆಕ್ಕ ಹಾಕಿದರು. ಗುಮಾಸ್ತರು ಒರಟಾಗಿರಲಿಲ್ಲ, ನ್ಯಾಯಾಧೀಶರು ಸೌಜನ್ಯದಿಂದಲೇ ಮಾತನಾಡಿದರು. ಸುಂಕದವನು ಸಜ್ಜನನಾಗಿದ್ದರೆ ಕಟ್ಟೆ ಬೇರೆಯಾಗುವುದಿಲ್ಲವಷ್ಟೆ.

ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ ಗಂಟೆಗೆ ಹದಿನಾರು ಹದಿನೇಳು ಡಾಲರು. 490 ಡಾಲರೆಂದರೆ ಮೂವತ್ತು ಗಂಟೆಯ ದುಡಿಮೆ. ತಂತ್ರಾಂಶದ ಹಿರಿಯ ಹುದ್ದೆಯಲ್ಲಿರುವ ನಮ್ಮವರೊಬ್ಬರಿಗೆ ಅದೇ ಮೊತ್ತ ಒಂದು ದಿನದ ಅರ್ಧದ ಸಂಬಳವೂ ಆಗಲಾರದು. ಒಂದೇ ತಪ್ಪಿಗೆ ಒಬ್ಬರಿಗೆ ವಾರದ ಉಪವಾಸ, ಇನ್ನೊಬ್ಬರಿಗೆ ಹೋಟೆಲಿನ ಊಟದ ಬಿಲ್ಲು. ಇದನ್ನು ಸಮಾನತೆ ಎನ್ನುವುದಾದರೆ ಆ ಪದಕ್ಕೆ ಬೇರೆ ನಿಘಂಟು ಬೇಕು. ಫಿನ್ಲೆಂಡಿನಲ್ಲಿ ದೊಡ್ಡ ವೇಗದ ತಪ್ಪಿಗೆ ದಂಡವನ್ನು ಅಪರಾಧಿಯ ದಿನದ ಆದಾಯದಿಂದ ಅಳೆಯುತ್ತಾರೆ. ಅಲ್ಲಿ ಶ್ರೀಮಂತನಿಗೂ ಬಿಸಿ ಮುಟ್ಟುತ್ತದೆ.

ನಮ್ಮ ಪಾಟ್‌ಲಕ್ಕುಗಳಲ್ಲಿ ಈ ವಿಷಯ ಎತ್ತಿದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. "ತಪ್ಪು ಮಾಡಿದ ಮೇಲೆ ಕಟ್ಟಬೇಕಪ್ಪ" ಎಂಬುದು ಮೊದಲನೆಯದು. ಕಟ್ಟಬೇಕು, ಒಪ್ಪಿದೆ. ವೇಗದಿಂದ ಜನ ಸಾಯುತ್ತಾರೆ. ದೀಪ ದಾಟುವವರನ್ನು ತಡೆಯಲೇಬೇಕು. ಆದರೆ ತಪ್ಪು ಮಾಡಿದ್ದಾರೆಯೇ ಎಂದು ತೀರ್ಮಾನಿಸುವುದು ಯಾರ ಕೆಲಸ, ಹೇಗೆ ಎಂಬುದೇ ಪ್ರಶ್ನೆ. ಉತ್ತರವನ್ನು ಮೊದಲೇ ಇಟ್ಟುಕೊಂಡು ಪ್ರಶ್ನೆ ಕೇಳಬಾರದು. ದಂಡ ಇಷ್ಟು ಭಾರವಾದರೆ ಮಾತ್ರ ರಸ್ತೆ ಸುರಕ್ಷಿತ ಎಂಬ ವಾದವನ್ನು ರಾಜ್ಯವೇ ನಂಬಿಲ್ಲ. 2023ರ ಶಾಸನವೊಂದು ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ, ಓಕ್ಲೆಂಡ್ ಸೇರಿ ಆರು ನಗರಗಳಲ್ಲಿ ವೇಗ ಅಳೆಯುವ ಕ್ಯಾಮೆರಾಗಳಿಗೆ ಅನುಮತಿ ನೀಡಿತು. ಮಿತಿಗಿಂತ 11ರಿಂದ 15 ಮೈಲಿ ಹೆಚ್ಚು ಓಡಿಸಿದವರಿಗೆ ಅದರಲ್ಲಿ ದಂಡ 50 ಡಾಲರು, ಬಡವರಿಗೆ ಅದರಲ್ಲೂ ರಿಯಾಯಿತಿ, ಪರವಾನಗಿಗೆ ಕಪ್ಪುಚುಕ್ಕೆಯಿಲ್ಲ. ಅದೇ ವೇಗಕ್ಕೆ ಅದೇ ರಸ್ತೆಯಲ್ಲಿ ಪೊಲೀಸನು ಕೈಯಾರೆ ಬರೆದುಕೊಟ್ಟರೆ 35 ಡಾಲರಿನ ಮೂಲದಂಡ ಬೆಳೆದು ಸುಮಾರು 238 ಆಗುತ್ತದೆ, ಮೇಲೆ ಚುಕ್ಕೆ ಬೇರೆ. ಯಂತ್ರ ಕಂಡರೆ 50, ಮನುಷ್ಯ ಕಂಡರೆ 238: ಇದರಲ್ಲಿ ಸುರಕ್ಷತೆಯ ತತ್ವವನ್ನು ಹುಡುಕಿಕೊಡುವವರಿಗೆ ನನ್ನ ನಮಸ್ಕಾರ.

ಎರಡನೆಯ ಉತ್ತರ: "ನಮ್ಮೂರಿಗಿಂತ ಎಷ್ಟೋ ವಾಸಿ, ಇಲ್ಲಿ ಲಂಚವಿಲ್ಲ." ಲಂಚವಿಲ್ಲದಿರುವುದು ಕೃತಜ್ಞತೆಗೆ ಕಾರಣ, ವಿಮರ್ಶೆ ನಿಲ್ಲಿಸಲು ಕಾರಣವಲ್ಲ. ಹೋಲಿಕೆಯೇ ಬೇಕಿದ್ದರೆ, 2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಬಾಕಿಯಿದ್ದ ಸಂಚಾರ ದಂಡಗಳ ಮೇಲೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನ ಜನ ಹಣ ಕಟ್ಟಲು ಮುಗಿಬಿದ್ದರು. ಆಗ ಇಲ್ಲಿ ಕುಳಿತು ನಕ್ಕವರು, ಕ್ಯಾಲಿಫೋರ್ನಿಯಾ 2015ರ ಅಕ್ಟೋಬರಿನಿಂದ 2017ರ ಮಾರ್ಚಿನವರೆಗೆ ಹಳೆಯ ಟಿಕೆಟ್ಟುಗಳ ಮೇಲೆ ನೂರಕ್ಕೆ 50, ಕೆಲವರಿಗೆ 80ರಷ್ಟು ರಿಯಾಯಿತಿ ಕೊಟ್ಟದ್ದನ್ನು ಮರೆತಿದ್ದರು. ಶಿಕ್ಷೆಗೆ ದೀಪಾವಳಿ ಸೇಲ್ ಇಡುವ ವಿದ್ಯೆಯಲ್ಲಿ ಉಭಯ ಸರ್ಕಾರಗಳೂ ಒಂದೇ ಗರಡಿಯವು.

ಮೂರನೆಯದು ಉತ್ತರವಲ್ಲ, ಅಂಜಿಕೆ. ಗ್ರೀನ್ ಕಾರ್ಡಿಗೆ, ಪೌರತ್ವಕ್ಕೆ ಕಾಯುತ್ತಿರುವವರು ನ್ಯಾಯಾಲಯದಲ್ಲಿ ವಾದಿಸಿದರೆ ದಾಖಲೆ ಕೆಡುತ್ತದೆಂದು ತೆಪ್ಪಗೆ ಹಣ ಕಟ್ಟುತ್ತಾರೆ. ಇದು ತಲೆಕೆಳಗಾದ ಅಂಜಿಕೆ. ವಾದ ಮಾಡದೆ ಹಣ ಕಟ್ಟಿ ಕೈತೊಳೆದುಕೊಂಡರೆ ದಾಖಲೆಯಲ್ಲಿ ಉಳಿಯುವುದು ತಪ್ಪು ಸ್ಥಿರಪಟ್ಟಿತೆಂಬ ನಮೂದೇ. ವಿಚಾರಣೆ ಕೇಳುವುದು ಮಾತ್ರ ಯಾರ ದಾಖಲೆಗೂ ಕಲೆಯಲ್ಲ.

ಹಕ್ಕುಗಳು ಕಾಗದದಲ್ಲಿ ಇಲ್ಲವೆಂದಲ್ಲ. ಮೊದಲು ಹಣ ಕಟ್ಟು, ಆಮೇಲೆ ಮಾತನಾಡು ಎಂಬ ಪದ್ಧತಿಯನ್ನು 2015ರ ನಿಯಮ ಬಹುಮಟ್ಟಿಗೆ ತೆಗೆದುಹಾಕಿತು. ಆದರೆ ಲಿಖಿತ ಹೇಳಿಕೆಯ ಮೂಲಕ ವಿಚಾರಣೆ ಬೇಕೆನ್ನುವವರು ಇಂದಿಗೂ ಪೂರ್ತಿ ಮೊತ್ತವನ್ನು ಮುಂಚಿತವಾಗಿ ಇಡಬೇಕು. ಕೆಲಸ ಬಿಟ್ಟು ಬರಲಾಗದವರಿಗೆಂದೇ ಇರುವ ದಾರಿಯಲ್ಲಿ ಹೀಗೊಂದು ಗೇಟು! ಕಟ್ಟಲು ಶಕ್ತಿಯಿಲ್ಲದವರು ದಂಡ ತಗ್ಗಿಸಲು, ಕಂತು ಅಥವಾ ಸಮುದಾಯ ಸೇವೆ ಕೇಳಲು ಮೈಸೈಟೇಷನ್ಸ್ ಎಂಬ ಜಾಲತಾಣದ ಸೌಲಭ್ಯವಿದೆ. ನಾನು ಕೇಳಿದವರಲ್ಲಿ ಅದರ ಹೆಸರು ಬಲ್ಲವರು ಇಬ್ಬರೇ. ರಾಜ್ಯ ಸಂವಿಧಾನ ಇಂಗ್ಲಿಷ್ ತಿಳಿಯದ ಆರೋಪಿಗೆ ದುಭಾಷಿಯ ಹಕ್ಕನ್ನು 1974ರಿಂದಲೇ ಕೊಟ್ಟಿದೆ. ಪಂಜಾಬಿ ಭಾಷೆಗೆ ಪ್ರಮಾಣಿತ ದುಭಾಷಿಗಳ ವ್ಯವಸ್ಥೆಯಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ಪರೀಕ್ಷೆ ಮುಗಿಸಿ ನೋಂದಾಯಿಸಿಕೊಂಡ ದುಭಾಷಿಗಳನ್ನೇ ಹುಡುಕಬೇಕು.

ನಮ್ಮ ಕೂಟ ವರ್ಷವರ್ಷವೂ ಆದಾಯ ತೆರಿಗೆಯ ಕಾರ್ಯಾಗಾರ ನಡೆಸುತ್ತದೆ. ಹಣವುಳ್ಳವರ ಹಣ ಉಳಿಸುವ ಆ ವಿದ್ಯೆ ಇರಲಿ. ಅದರ ಪಕ್ಕದ ಕೋಣೆಯಲ್ಲಿ ಟಿಕೆಟ್ಟು ಬಂದವರಿಗೆ ಅರ್ಜಿ ತುಂಬಿಕೊಡುವ ಒಂದು ಮೇಜು ಹಾಕಲು ಸಮಿತಿಗೆ ಏನು ತೊಂದರೆ? ನಿವೃತ್ತರಾಗಿ ಎರಡೂ ಭಾಷೆಯಲ್ಲಿ ಪಳಗಿರುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ನಾಲ್ವರು ದುಭಾಷಿ ಪರೀಕ್ಷೆಗೆ ಕುಳಿತರೆ ಅದರ ಶುಲ್ಕವನ್ನು ಕೂಟ ಭರಿಸಲಿ. ರಾಜ್ಯೋತ್ಸವಕ್ಕೆ ನಾವು ಕರೆದು ಶಾಲು ಹೊದಿಸುವ ಶಾಸಕರಿಗೆ ಈ ಬಾರಿ ಲಿಖಿತ ಹೇಳಿಕೆಯ ಮುಂಗಡದ ನಿಯಮ ತೆಗೆಯಿರೆಂದು, ನ್ಯಾಯಾಲಯದ ಕಟ್ಟಡಗಳಿಗೆ ಬೇಕಾದ ಹಣವನ್ನು ತೆರಿಗೆಯಿಂದ ತೆಗೆದುಕೊಳ್ಳಿರೆಂದು ಒಂದು ಪುಟದ ಮನವಿಯನ್ನೂ ಕೊಡೋಣ. ಕರಡನ್ನು ಸಿದ್ಧಪಡಿಸಿ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಅದನ್ನು ಸೇರಿಸಬೇಕೆಂದು ಇಲ್ಲಿ ಬಹಿರಂಗವಾಗಿ ಕೋರುತ್ತಿದ್ದೇನೆ.