ಜೀರ್ಣೋದ್ಧಾರವೋ, ನವನಿರ್ಮಾಣವೋ?

ಪೋಲೆಂಡ್ ದೇಶದ ರಾಜಧಾನಿಯಾದ ವಾರ್ಸಾ ನಗರದ ಹಳೆಯ ಪೇಟೆಯ ಚೌಕದಲ್ಲಿ ನಿಂತವರಿಗೆ ಪೂರ್ವಕಾಲದ ವರ್ತಕರ ಮನೆಗಳು ಸಾಲಾಗಿ ಕಾಣುವುವು. ಕಿರಿದಾದ ಮುಂಗೋಡೆ, ಕಡಿದಾದ ಹೆಂಚಿನ ಮಾಡು, ಬಾಗಿಲ ಸುತ್ತ ಕಲ್ಲಿನ ಕೆತ್ತನೆ. ನೋಡಿದವರು ಮುನ್ನೂರು ವರ್ಷಗಳ ಕಟ್ಟಡಗಳೆಂದೇ ಹೇಳುವರು. ಆದರೆ ಅವುಗಳಲ್ಲಿ ಬಹುಭಾಗ 1953ನೆಯ ಇಸವಿಯ ಆಸುಪಾಸಿನಲ್ಲಿ ಕಟ್ಟಿದುವು.

1944ನೆಯ ಆಗಸ್ಟ್ 1ರಂದು ಆ ನಗರದವರು ಜರ್ಮನರ ಆಳ್ವಿಕೆಯ ವಿರುದ್ಧ ಎದ್ದು, 63 ದಿನ ಕಾದಾಡಿ ಸೋತರು. ಅನಂತರ ಜರ್ಮನರು ನಿವಾಸಿಗಳನ್ನು ಹೊರಗೆ ಅಟ್ಟಿ, ಬರಿದಾದ ಊರನ್ನು ಬೀದಿಬೀದಿಯಾಗಿ ಸುಟ್ಟು, ಸಿಡಿಮದ್ದಿಟ್ಟು ಕೆಡವಿದರು. ಯುದ್ಧದಲ್ಲಿ ಊರು ಹಾಳಾಗುವುದು ಹೊಸದಲ್ಲ. ಯುದ್ಧ ಮುಗಿದ ಬೀದಿಯಲ್ಲಿ ಕುಳಿತು, ಯಾವ ಅರಮನೆ, ಯಾವ ಪುಸ್ತಕಭಂಡಾರ ಎಂದು ಆರಿಸಿ ಕೆಡಹುವುದು ಬೇರೆಯದೇ ಪಾತಕ.

ಕೆಡಹುವವರಿಗೆ ಮುಂಚಿತವಾಗಿಯೇ ಎಚ್ಚತ್ತವರು ಕೆಲವರಿದ್ದರು. ಅಲ್ಲಿಯ ಶಿಲ್ಪವಿದ್ಯಾಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳೆಯ ಕಟ್ಟಡಗಳನ್ನು ಅಳೆದು ಬರೆದ ನಕ್ಷೆಗಳನ್ನು ಹೊರಕ್ಕೆ ಸಾಗಿಸಿ, ಪಿಯೋತ್ರ್ಕೂಫ್ ಎಂಬ ಊರಿನ ಸನ್ಯಾಸಿಗಳ ಮಠವೊಂದರಲ್ಲಿ ಬಚ್ಚಿಟ್ಟರು. ಯುದ್ಧಾನಂತರ ಯಾನ್ ಝಾಖ್ವಾತೊವಿಚ್ ಎಂಬ ಶಿಲ್ಪಶಾಸ್ತ್ರಜ್ಞನು ಪುನರ್ನಿರ್ಮಾಣದ ಮುಂದಾಳಾದಾಗ ಆ ಹಾಳೆಗಳೇ ಆಧಾರವಾದುವು. ಇನ್ನೊಂದು ಆಧಾರ ವರ್ಣಚಿತ್ರಗಳು. ವೆನಿಸಿನಲ್ಲಿ ಹುಟ್ಟಿ, ಪೋಲೆಂಡಿನ ದೊರೆಯ ಆಸ್ಥಾನದಲ್ಲಿದ್ದು 1780ರಲ್ಲಿ ತೀರಿಕೊಂಡ ಬೆರ್ನಾರ್ದೋ ಬೆಲ್ಲೊತ್ತೊ ಎಂಬಾತನು ಅಲ್ಲಿಯ ಬೀದಿಗಳನ್ನು ಕಿಟಕಿ ಕಿಟಕಿಯಾಗಿ ಚಿತ್ರಿಸಿದ್ದನು. ಚಿತ್ರಕಾರನಾದುದರಿಂದ ಅಲ್ಲಲ್ಲಿ ಅಂದಕ್ಕಾಗಿ ತನ್ನ ಕೈಚಳಕವನ್ನೂ ಸೇರಿಸಿದ್ದನು! ಕೆಲವು ಮನೆಗಳನ್ನು ಕಟ್ಟುವಾಗ ಯುದ್ಧಪೂರ್ವದ ರೂಪವನ್ನು ಬಿಟ್ಟು ಈ ಚಿತ್ರವನ್ನೇ ಅನುಸರಿಸಿದರು. ಹೀಗೆ ಕಲ್ಪನೆಯೂ ಕಲ್ಲಾಯಿತು.

ಅರಮನೆಯ ಕಥೆ ಇನ್ನೂ ದೀರ್ಘವಾದುದು. 1939ನೆಯ ಸೆಪ್ಟೆಂಬರ್ 17ರಂದು ಬಾಂಬಿನ ದಾಳಿಗೆ ಸಿಕ್ಕಿ ಅದರ ಗೋಪುರದ ಗಡಿಯಾರ 11 ಗಂಟೆ 15 ನಿಮಿಷಕ್ಕೆ ನಿಂತಿತು. 1944ರಲ್ಲಿ ಅರಮನೆಯೇ ನೆಲಸಮವಾಯಿತು. ಅದನ್ನು ಮತ್ತೆ ಕಟ್ಟುವ ನಿರ್ಧಾರವಾದುದು 1971ರಲ್ಲಿ. ಹಣವನ್ನು ಜನರೇ ಕೊಟ್ಟರು. 1974ನೆಯ ಜುಲೈ 19ರಂದು, 11 ಗಂಟೆ 15 ನಿಮಿಷಕ್ಕೆ ಸರಿಯಾಗಿ ಆ ಗಡಿಯಾರವನ್ನು ಮತ್ತೆ ನಡೆಸಿದರು.

ಇದು ಬರಿಯ ಪ್ರತಿಕೃತಿ, ಪುರಾತನವಲ್ಲವೆಂದು ಆಕ್ಷೇಪಿಸುವ ಪಂಡಿತರುಂಟು. 1980ರಲ್ಲಿ ಯುನೆಸ್ಕೊ ಸಂಸ್ಥೆಯು ಹಳೆಯ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದೂ ಅದರ ಪ್ರಾಚೀನತೆಗಾಗಿ ಅಲ್ಲ, ಪುನರ್ನಿರ್ಮಾಣದ ಅಸಾಧಾರಣತೆಗಾಗಿ. ನಮ್ಮ ಶಾಸ್ತ್ರಕಾರರ ‘ಜೀರ್ಣೋದ್ಧಾರ’ವೆಂಬ ಪದವೂ ಇಲ್ಲಿಗೆ ಅರ್ಧವೇ ಹೊಂದುವುದು: ಉದ್ಧಾರವು ನಿಜ, ಆದರೆ ಉದ್ಧರಿಸಿದ ವಸ್ತು ಕಾಲದಿಂದ ಜೀರ್ಣವಾದುದಲ್ಲ, ಹಗೆತನದಿಂದ ಹತವಾದುದು. ಹಗೆಯು ಅಳಿಸಿದುದನ್ನು ಅಳಿದಂತೆಯೇ ಬಿಟ್ಟರೆ ಅವನ ಇಷ್ಟವನ್ನು ನಡೆಸಿಕೊಟ್ಟಂತಾಗುವುದು. ಆದುದರಿಂದ ನಾನು ಕಟ್ಟಿದವರ ಪಕ್ಷದವನು.

ಆದರೂ ಒಂದು ಮಾತನ್ನು ಮರೆಮಾಚಲಾಗದು. ಅದೇ ನಗರದಲ್ಲಿ 4 ಲಕ್ಷಕ್ಕೂ ಮಿಗಿಲಾದ ಯೆಹೂದ್ಯರನ್ನು ಗೋಡೆ ಹಾಕಿ ಕೂಡಿಟ್ಟಿದ್ದರು. ಅವರಲ್ಲಿ ಹೆಚ್ಚಿನವರನ್ನು ಕೊಂದು, 1943ರಲ್ಲಿ ಆ ಕೇರಿಯನ್ನು ಸುಟ್ಟರು. ಅಲ್ಲಿಯ ಮಹಾಪ್ರಾರ್ಥನಾಮಂದಿರವನ್ನು ಮೇ 16ರಂದು ಸಿಡಿಸಿದರು. ಆ ಮಂದಿರವನ್ನು ಯಾರೂ ಮತ್ತೆ ಕಟ್ಟಲಿಲ್ಲ. ಕಟ್ಟಿದ್ದರೂ ಅದರಲ್ಲಿ ಪ್ರಾರ್ಥಿಸುವ ಜನ ಎಲ್ಲಿ? ಮುರಾನೂಫ್ ಎಂಬ ಆ ಭಾಗದ ಅವಶೇಷರಾಶಿಯನ್ನು ಪೂರ್ತಿಯಾಗಿ ಸಾಗಿಸಲೂ ಆಗಲಿಲ್ಲ. ಅದನ್ನೇ ಪುಡಿಮಾಡಿ ಗೋಡೆಯ ಇಟ್ಟಿಗೆಗಳನ್ನು ಅಚ್ಚುಹಾಕಿ, ಉಳಿದ ದಿಬ್ಬಗಳ ಮೇಲೆಯೇ ಹೊಸ ಮನೆಗಳನ್ನು ಎಬ್ಬಿಸಿದರು. ಇಂದಿಗೂ ಅಲ್ಲಿಯ ಕೆಲವು ಮನೆಗಳಿಗೆ ಬೀದಿಯಿಂದ ಮೆಟ್ಟಿಲು ಹತ್ತಿಯೇ ಹೋಗಬೇಕು.