ಮೂರನೆಯ ಬೊಂಬೆ: ತರುಣರ ಥ್ರಿಲ್ಲರುಗಳಲ್ಲಿ ಒಡಹುಟ್ಟಿದವರ ವೈರ

ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂಬ ಹೆಸರಿನಿಂದ ಪ್ರಕಟವಾಗುತ್ತಿರುವ ಮನೋವೈಜ್ಞಾನಿಕ ಥ್ರಿಲ್ಲರುಗಳಲ್ಲಿ ಒಡಹುಟ್ಟಿದವರ ವೈರವು ಒಂದು ಸಿದ್ಧವಸ್ತುವಾಗಿದೆ. ತಂಗಿ ಅಣ್ಣನನ್ನು ತನ್ನಿಚ್ಛೆಯಂತೆ ಆಡಿಸುತ್ತಾಳೆ. ಅವಳಿಗಳಲ್ಲಿ ಒಬ್ಬಳು ಇನ್ನೊಬ್ಬಳ ಬಾಳನ್ನು ಕದಿಯುತ್ತಾಳೆ. ಅಕ್ಕನ ಸುಳ್ಳಿಗೆ ತಮ್ಮ ದಂಡ ತೆರುತ್ತಾನೆ. ಇಂಥ ಕೃತಿಗಳ ಮೇಲೆ ಹಿರಿಯರು ಸಾಮಾನ್ಯವಾಗಿ ಹೊರಿಸುವ ಆರೋಪವೆಂದರೆ, ಅವು ಎಳೆಯ ಮನಸ್ಸಿಗೆ ಸಲ್ಲದ ಕತ್ತಲನ್ನು ತೋರಿಸುತ್ತವೆ ಎಂಬುದು. ಈ ಆರೋಪದಲ್ಲಿ ಹುರುಳಿಲ್ಲ. ಕಾಯಿನನು ಆಬೇಲನನ್ನು ಕೊಂದ ಕಥೆಯನ್ನೂ ದಾಯಾದಿಗಳ ಮಹಾಯುದ್ಧವನ್ನೂ ಮಕ್ಕಳಿಗೆ ಹೇಳುತ್ತ ಬಂದ ಜಗತ್ತು ಕಥೆಯೊಳಗಿನ ಕತ್ತಲಿಗೆ ಅಂಜಬೇಕಾದ ಕಾರಣವಿಲ್ಲ. ಈ ಪ್ರಕಾರದ ನಿಜವಾದ ದೋಷವು ಆ ಆರೋಪಕ್ಕೆ ತೀರ ವಿರುದ್ಧವಾದದ್ದು: ತೋರಿಸಬೇಕಾದಷ್ಟು ಕತ್ತಲನ್ನು ಅದು ತೋರಿಸುವುದಿಲ್ಲ. ಮತ್ಸರವು ಹುಟ್ಟಿ ಬೆಳೆಯುವ ಮನೆಯನ್ನು ಹಿನ್ನೆಲೆಗೆ ಸರಿಸಿ, ಇಡೀ ಪಾಪವನ್ನು ಒಂದೇ ಮಗುವಿನ ಮಿದುಳಿನಲ್ಲಿ ತುಂಬಿ ಅದು ಕೈತೊಳೆದುಕೊಳ್ಳುತ್ತದೆ.

ಒಡಹುಟ್ಟಿದವರ ಪೈಪೋಟಿಯನ್ನು ಶಾಸ್ತ್ರೀಯ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಲೆವಿ ಪ್ರಮುಖರು. ಈ ವಿಷಯದ ಮೇಲಿನ ಅವರ ಗ್ರಂಥ ಪ್ರಕಟವಾದದ್ದು 1937ರಲ್ಲಿ. ಅವರ ವಿಧಾನ ಸರಳವಾಗಿತ್ತು. ಮಗುವಿನ ಮುಂದೆ ಬೊಂಬೆಗಳನ್ನಿಟ್ಟು ಒಂದು ಸನ್ನಿವೇಶವನ್ನು ಹೇಳಲಾಗುತ್ತಿತ್ತು: ಇವಳು ತಾಯಿ, ಇದು ಅವಳ ಎದೆಹಾಲು ಕುಡಿಯುತ್ತಿರುವ ಕೂಸು, ಇದು ಆ ನೋಟವನ್ನು ಮೊದಲ ಬಾರಿಗೆ ಕಾಣುತ್ತಿರುವ ಹಿರಿಯ ಮಗು. ಈಗ ಹಿರಿಯ ಮಗು ಏನು ಮಾಡುತ್ತದೆ? ಉತ್ತರವನ್ನು ಮಗು ಆಟದ ಮೂಲಕ ಕೊಡುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಬೊಂಬೆಗಳ ಸಂಖ್ಯೆ. ವೈರವು ಇಬ್ಬರ ನಡುವಿನದಾದರೂ ಬೊಂಬೆಗಳು ಮೂರು. ಮೂರನೆಯದಾದ ತಾಯಿಯ ಬೊಂಬೆಯನ್ನು ತೆಗೆದುಬಿಟ್ಟರೆ ಹಿರಿಯ ಮಗುವಿನ ಸಿಟ್ಟಿಗೆ ಅರ್ಥವೇ ಉಳಿಯದು. ಅದು ಕಾರಣವಿಲ್ಲದ ಕ್ರೌರ್ಯದಂತೆ ಕಾಣತೊಡಗುತ್ತದೆ. ಇಂದಿನ ಥ್ರಿಲ್ಲರು ಮಾಡುತ್ತಿರುವುದು ಇದನ್ನೇ. ಹಂಚುವ ಕೈಯನ್ನು ಮರೆಮಾಡಿ, ಕಡಿಮೆ ಪಾಲು ಪಡೆದ ಮಗುವನ್ನು ರಾಕ್ಷಸನೆಂದು ತೋರಿಸುವುದು ಅದರ ಕಸಬು.

ಈ ಅಭ್ಯಾಸಕ್ಕೆ ಒಂದು ವಂಶಾವಳಿಯಿದೆ. ವಿಲಿಯಮ್ ಮಾರ್ಚ್ ಅವರ ‘ದಿ ಬ್ಯಾಡ್ ಸೀಡ್’ 1954ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಮರುತಿಂಗಳೇ ಲೇಖಕರು ತೀರಿಕೊಂಡರು. ಅದರ ನಾಯಕಿ ಎಂಟು ವರ್ಷದ ರೋಡಾ ಪೆನ್‌ಮಾರ್ಕ್. ಅಕ್ಷರ ಬರವಣಿಗೆಗೆ ಶಾಲೆ ಕೊಟ್ಟ ಪದಕ ತನಗೆ ಸಿಗದೆ ಕ್ಲಾಡ್ ಎಂಬ ಸಹಪಾಠಿಗೆ ಸಿಕ್ಕಿತೆಂದು ಅವಳು ಅವನ ಸಾವಿಗೆ ಕಾರಣಳಾಗುತ್ತಾಳೆ. ರೋಡಾಳಿಗೆ ಒಡಹುಟ್ಟಿದವರಿಲ್ಲ, ಆದರೂ ಮುಂದಿನ ಸೋದರವೈರದ ಥ್ರಿಲ್ಲರುಗಳಿಗೆ ಅಚ್ಚನ್ನು ಒದಗಿಸಿದ್ದು ಈ ಕೃತಿಯೇ. ಪದಕದ ಹಂಚಿಕೆಯಿಂದ ಹೊರಡುವ ಕಥೆ ಹಂಚಿಕೆಯ ಪ್ರಶ್ನೆಯನ್ನು ಬೇಗನೆ ಕೈಬಿಟ್ಟು ರಕ್ತದ ಕಡೆಗೆ ತಿರುಗುತ್ತದೆ. ರೋಡಾಳ ಅಜ್ಜಿಯೇ ಸರಣಿ ಕೊಲೆಗಾತಿಯಾಗಿದ್ದಳೆಂಬ ರಹಸ್ಯ ಹೊರಬೀಳುತ್ತದೆ. ದುಷ್ಟತನವು ತಲೆಮಾರು ದಾಟಿ ಬಂದ ಬೀಜವೆಂದು ಸಾರಲಾಗುತ್ತದೆ. ಮೂಲ ಕಾದಂಬರಿಯಲ್ಲಿ ರೋಡಾ ಬದುಕುಳಿಯುತ್ತಾಳೆ. 1956ರ ಚಲನಚಿತ್ರವಾದರೋ ಅಂದಿನ ಹಾಲಿವುಡ್ ನೀತಿಸಂಹಿತೆಗೆ ತಲೆಬಾಗಿ ಅವಳನ್ನು ಸಿಡಿಲಿಗೆ ಬಲಿಕೊಟ್ಟಿತು. ತಪ್ಪು ರಕ್ತದಲ್ಲಿದ್ದರೆ ಶಿಕ್ಷೆ ಆಕಾಶದಿಂದಲೇ ಬರಬೇಕಾಗುತ್ತದೆ. ಮನೆಯಲ್ಲಿ ಉಳಿದವರು ಉತ್ತರಿಸಬೇಕಾದ ಪ್ರಶ್ನೆಯೇ ಉಳಿಯುವುದಿಲ್ಲ.

ಆಸ್ಟ್ರೇಲಿಯಾದ ಲೇಖಕಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ‘ಮೈ ಸಿಸ್ಟರ್ ರೋಸಾ’ (2016) ಇದೇ ವಂಶದ ಕೃತಿ; ಈ ಪ್ರಕಾರದ ಉತ್ತಮ ಮಾದರಿಗಳಲ್ಲಿ ಒಂದೆಂದು ಒಪ್ಪಲೇಬೇಕಾದದ್ದು. ಹದಿನೇಳು ವರ್ಷದ ಚೆ ಎಂಬ ಹುಡುಗ ತನ್ನ ಹತ್ತು ವರ್ಷದ ತಂಗಿ ರೋಸಾಳನ್ನು ಕಾಯುತ್ತಾನೆ. ಅವಳು ಗೆಳತಿಯೊಬ್ಬಳಿಂದ ಆ ಗೆಳತಿಯ ಸಾಕುಪ್ರಾಣಿಯನ್ನೇ ಕೊಲ್ಲಿಸುವಷ್ಟು ನಿಪುಣೆ. ಕೊಲ್ಲುವುದಿಲ್ಲವೆಂದು ಅಣ್ಣನಿಗೆ ಮಾತು ಕೊಟ್ಟವಳು ಆ ಮಾತಿನ ಸಂದುಗಳಲ್ಲಿ ವಕೀಲೆಯಂತೆ ನುಸುಳುತ್ತಾಳೆ. ಅಣ್ಣನ ಪ್ರೀತಿಯೂ ಭಯವೂ ಒಂದೇ ಉಸಿರಿನಲ್ಲಿ ಬರುವ ಪುಟಗಳು ಸತ್ಯವಾಗಿವೆ. ಆದರೆ ಕಾದಂಬರಿಯೊಳಗೆ ಇದಕ್ಕಿಂತ ಭಯಂಕರವಾದ ಇನ್ನೊಂದು ಸಂಗತಿಯಿದೆ. ವ್ಯವಹಾರದ ಬೆನ್ನುಹತ್ತಿ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಮನೆ ಬದಲಿಸುವ ತಂದೆತಾಯಿಗಳು ತಮ್ಮ ಹೊಣೆಯನ್ನು ಹದಿನೇಳರ ಹುಡುಗನ ಹೆಗಲಿಗೆ ಜಾರಿಸಿದ್ದಾರೆ. ಅವನು ತಂಗಿಗೆ ತಂದೆಯೂ ವೈದ್ಯನೂ ಕಾವಲುಗಾರನೂ ಆಗಬೇಕಾಗಿ ಬಂದಿದೆ. ಆ ಹುಡುಗನ ಹದಿಹರೆಯವನ್ನು ಕದ್ದವರು ಯಾರು ಎಂಬ ಪ್ರಶ್ನೆ ಕೃತಿಯ ಬಾಗಿಲಲ್ಲಿಯೇ ನಿಂತಿದೆ. ಓದುಗನ ಕುತೂಹಲ ಮಾತ್ರ ಬೇರೊಂದು ಪ್ರಶ್ನೆಗೆ ಕಟ್ಟಿಹಾಕಲ್ಪಟ್ಟಿರುತ್ತದೆ: ರೋಸಾ ಮುಂದೆ ಏನು ಮಾಡುವಳು? ಲೇಖಕಿ ಕಂಡ ಸತ್ಯವನ್ನು ಪ್ರಕಾರದ ಚೌಕಟ್ಟು ಸಣ್ಣದಾಗಿಸಿದ ನಿದರ್ಶನವಿದು.

ಸಹಾನುಭೂತಿಯ ಕೊರತೆಯುಳ್ಳ ಮಕ್ಕಳು ನಿಜವಾಗಿಯೂ ಇದ್ದಾರಲ್ಲ ಎಂದು ಈ ಪ್ರಕಾರದ ಸಮರ್ಥಕರು ಹೇಳಬಹುದು. ಇದ್ದಾರೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ (2013) ನಡವಳಿಕೆಯ ದೋಷವುಳ್ಳ ಮಕ್ಕಳಲ್ಲಿ ಅಂಥ ಲಕ್ಷಣವನ್ನು ಪ್ರತ್ಯೇಕವಾಗಿ ಗುರುತಿಸಲು ಅವಕಾಶ ಕೊಟ್ಟಿದೆ. ಅದೇ ಕೈಪಿಡಿ ಸಮಾಜವಿರೋಧಿ ವ್ಯಕ್ತಿತ್ವದೋಷವೆಂಬ ನಿರ್ಣಯವನ್ನು ಹದಿನೆಂಟು ತುಂಬದವರಿಗೆ ಕೊಡಕೂಡದೆಂದೂ ಹೇಳುತ್ತದೆ. ಬೆಳೆಯುತ್ತಿರುವ ಜೀವದ ಮೇಲೆ ಕೊನೆಯ ತೀರ್ಪನ್ನು ಬರೆಯಬಾರದೆಂಬ ಎಚ್ಚರ ಅದರಲ್ಲಿದೆ. ವೈದ್ಯರು ಹಿಂಜರಿಯುವ ಕಡೆ ಕಾದಂಬರಿ ಹಿಂಜರಿಯುವುದಿಲ್ಲ. ಹತ್ತು ವರ್ಷದ ತಂಗಿಗೆ ಹದಿನೇಳರ ಅಣ್ಣ ಕೊಟ್ಟ ರೋಗನಿರ್ಣಯವನ್ನು ಅದು ಕಥೆಯ ಅಡಿಗಲ್ಲನ್ನಾಗಿ ಮಾಡಿಕೊಳ್ಳುತ್ತದೆ. ಹೀಗಿರಲಾಗಿ ‘ಮನೋವೈಜ್ಞಾನಿಕ’ ಎಂಬ ವಿಶೇಷಣಕ್ಕೆ ಈ ಪ್ರಕಾರ ಎಷ್ಟರಮಟ್ಟಿಗೆ ಅರ್ಹ ಎಂಬುದು ವಿಚಾರಣೀಯ. ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಅವರು ಎರಡನೆಯ ಮಗು ಹುಟ್ಟುವ ಹೊತ್ತಿನ 40 ಕುಟುಂಬಗಳನ್ನು ಇಂಗ್ಲೆಂಡಿನಲ್ಲಿ ಹತ್ತಿರದಿಂದ ಕಂಡು 1982ರಲ್ಲಿ ಗ್ರಂಥ ಪ್ರಕಟಿಸಿದರು. ಕೂಸು ಬಂದ ಮೇಲೆ ತಾಯಿಗೂ ಮೊದಲ ಮಗುವಿಗೂ ನಡುವಣ ನಡವಳಿಕೆ ಬದಲಾಗುವುದನ್ನು ಅವರು ದಾಖಲಿಸಿದರು. ಕೂಸಿಗೂ ಬಯಕೆ ಬೇಸರಗಳಿರುತ್ತವೆಂದು ತಾಯಿ ಹಿರಿಯ ಮಗುವಿನೊಡನೆ ಮಾತನಾಡುತ್ತಿದ್ದ ಮನೆಗಳಲ್ಲಿ ಮುಂದೆ ಒಡಹುಟ್ಟಿದವರ ಸ್ನೇಹ ಹೆಚ್ಚಾಗಿತ್ತೆಂದೂ ಕಂಡುಕೊಂಡರು. ಮನೋವಿಜ್ಞಾನವು ಮನೆಯೊಳಗೆ ಇಳಿದು ನೋಡಿದ್ದನ್ನು ಮನೋವೈಜ್ಞಾನಿಕವೆನಿಸಿಕೊಂಡ ಕಾದಂಬರಿ ನೋಡಲೊಲ್ಲದು.

ಇ. ಲಾಕ್‌ಹಾರ್ಟ್ ಅವರ ‘ವಿ ವರ್ ಲಯರ್ಸ್’ (2014) ಈ ಮಾತಿಗೆ ಅಪವಾದವೆಂದು ತೋರಬಹುದು. ಅದರಲ್ಲಿ ಹಂಚುವ ಕೈ ಸ್ಪಷ್ಟವಾಗಿಯೇ ಇದೆ. ಖಾಸಗಿ ದ್ವೀಪದ ಒಡೆಯನಾದ ಹ್ಯಾರಿಸ್ ಸಿಂಕ್ಲೇರ್ ತನ್ನ ಮೂವರು ಹೆಣ್ಣುಮಕ್ಕಳನ್ನು ಆಸ್ತಿಯ ಆಸೆ ತೋರಿಸಿ ಪರಸ್ಪರ ಎತ್ತಿಕಟ್ಟುತ್ತಾನೆ. ತಾಯಿ ಸತ್ತ ಬೆನ್ನಿಗೆ ಅವಳ ಒಡವೆ ವಸ್ತುಗಳಿಗಾಗಿ ಕಾದಾಡುವ ಆ ಸೋದರಿಯರು, ಅಜ್ಜನ ಮನಸ್ಸನ್ನು ಒಲಿಸಿಕೊಳ್ಳಲು ತಮ್ಮ ಮಕ್ಕಳನ್ನೇ ದಾಳಗಳಂತೆ ಉರುಳಿಸುತ್ತಾರೆ. ತರುಣ ಓದುಗನಿಗೆ ತನ್ನ ಮನೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಹರಿತವಾದ ಕಥಾವಸ್ತು ಬೇಕಿಲ್ಲ. ಆದರೆ ಕೃತಿಯ ಶಕ್ತಿಯೆಲ್ಲ ಕೊನೆಯ ತಿರುವಿಗೆ ಮೀಸಲಾಗಿದೆ. ಮೊಮ್ಮಕ್ಕಳು ಹಚ್ಚಿದ ಬೆಂಕಿ, ನಿರೂಪಕಿ ಕೇಡೆನ್ಸಳ ಮರೆವು, ಅವಳ ಜೊತೆಗಿದ್ದವರು ಎರಡು ವರ್ಷಗಳ ಹಿಂದೆಯೇ ತೀರಿಕೊಂಡವರೆಂಬ ಅರಿವು: ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವುದು ಇಷ್ಟೇ. ಕೊನೆಯನ್ನು ಯಾರಿಗೂ ಹೇಳಬೇಡಿ, ಕೇಳಿದವರಿಗೆ ಸುಳ್ಳು ಹೇಳಿ ಎಂಬುದೇ ಪ್ರಕಾಶಕರ ಪ್ರಚಾರವಾಗಿತ್ತು. ಮುದುಕನ ಉಯಿಲು ಮಾಡಿದ ಹಾನಿಗಿಂತ ಓದುಗನಿಗೆ ಆದ ಆಘಾತ ದೊಡ್ಡದೆನಿಸುವಂತೆ ಕಥೆ ಕಟ್ಟಲಾಗಿದೆ.

ಸಂಶೋಧನ ಪ್ರಬಂಧಗಳಲ್ಲಿ ಇಂಥ ಕೃತಿಗಳ ಹಿರಿಮೆಯನ್ನು ‘ನೆಚ್ಚಲಾಗದ ನಿರೂಪಕ’ ಎಂಬ ಪರಿಕಲ್ಪನೆಯಿಂದ ಸಾಧಿಸುವುದು ಸುಲಭದ ದಾರಿ. ವೇನ್ ಬೂತ್ 1961ರಲ್ಲಿ ಆ ಪರಿಕಲ್ಪನೆಯನ್ನು ಮಂಡಿಸಿದಾಗ ಅದು ಮೌಲ್ಯಗಳ ಪ್ರಶ್ನೆಯಾಗಿತ್ತು: ಕೃತಿಯ ಒಟ್ಟು ನೈತಿಕ ದೃಷ್ಟಿಗೂ ನಿರೂಪಕನ ದೃಷ್ಟಿಗೂ ಇರುವ ಅಂತರವನ್ನು ಅದು ಸೂಚಿಸುತ್ತಿತ್ತು. ಥ್ರಿಲ್ಲರಿನಲ್ಲಿ ಆ ಅಂತರ ಮಾಹಿತಿಯ ಕೊರತೆಯಾಗಿ ಇಳಿದಿದೆ. ನಿರೂಪಕಿಗೆ ತಲೆಗೆ ಪೆಟ್ಟಾಗಿದೆ, ಮಾತ್ರೆಗಳ ಮಂಪರಿದೆ, ನೆನಪು ಹೋಗಿದೆ; ಆದ್ದರಿಂದ ಅವಳು ಹೇಳಿದ್ದನ್ನು ನಂಬಲಾಗದು. ಮರೆವು ಎಂಬುದು ವಂಚನೆಯ ಅತ್ಯಂತ ಅಗ್ಗದ ರೂಪ. ತನ್ನ ಮತ್ಸರಕ್ಕೆ ತಾನೇ ಧರ್ಮದ ಹೆಸರಿಟ್ಟು ನಂಬುವ ಅಣ್ಣ, ತನ್ನ ಆಳ್ವಿಕೆಯನ್ನು ತ್ಯಾಗವೆಂದು ತಿಳಿಯುವ ಅಕ್ಕ: ಇವರನ್ನು ಚಿತ್ರಿಸುವುದು ಕಷ್ಟ, ಅವರ ಗುರುತು ಹಿಡಿಯುವುದು ಓದುಗನಿಗೆ ಇನ್ನೂ ಕಷ್ಟ.

ಆ ಕಷ್ಟವನ್ನು ಹೊತ್ತ ಕೃತಿಗಳು ಇಲ್ಲದಿಲ್ಲ. ಕ್ಯಾಥರಿನ್ ಪ್ಯಾಟರ್ಸನ್ ಅವರ ‘ಜೇಕಬ್ ಹ್ಯಾವ್ ಐ ಲವ್ಡ್’ (1980) ಥ್ರಿಲ್ಲರ್ ಅಲ್ಲ. 1981ರ ನ್ಯೂಬೆರಿ ಪದಕ ಪಡೆದ ಆ ಕಾದಂಬರಿಯಲ್ಲಿ ಕೊಲೆಯೂ ಇಲ್ಲ. ಚೆಸಪೀಕ್ ಕೊಲ್ಲಿಯ ಪುಟ್ಟ ದ್ವೀಪವೊಂದರಲ್ಲಿ ಹುಟ್ಟಿದ ಅವಳಿಗಳಲ್ಲಿ ಎರಡನೆಯವಳಾದ ಕ್ಯಾರೊಲಿನ್ ಹುಟ್ಟುವಾಗಲೇ ಸಾಯುವಂತಿದ್ದಳು. ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಆರೋಗ್ಯವಾಗಿದ್ದ ಲೂಯಿಸಳನ್ನು ಬದಿಗಿಟ್ಟು ಮರೆತರು. ಏಡಿ ಹಿಡಿದು ದುಡಿಯುವವಳು ಲೂಯಿಸ್. ಸಂಗೀತ ಕಲಿಯುವವಳು ಕ್ಯಾರೊಲಿನ್. ಯಾರೂ ದುಷ್ಟರಲ್ಲದ ಈ ಮನೆಯಲ್ಲಿ ತಂಗಿಯ ಸಾವಿನ ಕನಸು ಕಾಣುವಷ್ಟು ದ್ವೇಷ ಬೆಳೆಯುತ್ತದೆ. ಶೀರ್ಷಿಕೆಯ ಬೈಬಲ್ ವಾಕ್ಯವನ್ನು ಅಜ್ಜಿ ಲೂಯಿಸಳ ಕಿವಿಯಲ್ಲಿ ಉಸುರುತ್ತಾಳೆ. ಅವಳಿಗಳಲ್ಲಿ ಒಬ್ಬನನ್ನು ಪ್ರೀತಿಸಿ ಇನ್ನೊಬ್ಬನನ್ನು ದ್ವೇಷಿಸಿದವನ ಬಾಯಿಂದ ಬಂದ ಮಾತು ಅದು. ಅಂದರೆ ಇಲ್ಲಿ ಹಂಚುವವನು ಪುಸ್ತಕದ ಹೆಸರಿನಲ್ಲಿಯೇ ಮಾತನಾಡುತ್ತಿದ್ದಾನೆ. ಕೊನೆಗೆ ಲೂಯಿಸಳನ್ನು ಬಿಡುಗಡೆಗೊಳಿಸುವುದು ತಂಗಿಯ ಸೋಲಲ್ಲ. ನಿನ್ನ ಅಗಲಿಕೆ ಅವಳದಕ್ಕಿಂತ ಹೆಚ್ಚು ಕಾಡುವುದೆಂದು ತಾಯಿ ಒಪ್ಪುವ ಒಂದು ಮಾತು ಆ ಕೆಲಸವನ್ನು ಮಾಡುತ್ತದೆ. ಮುಂದೆ ಬೆಟ್ಟದೂರಿನಲ್ಲಿ ಸೂಲಗಿತ್ತಿಯಾದ ಅವಳು ಅವಳಿ ಹೆರಿಗೆಯೊಂದರಲ್ಲಿ ದುರ್ಬಲ ಕೂಸನ್ನು ಉಳಿಸುವ ಭರದಲ್ಲಿಯೇ, ಗಟ್ಟಿಯಾದ ಕೂಸನ್ನೂ ಎತ್ತಿಕೊಳ್ಳಿರೆಂದು ನೆನಪಿಸುತ್ತಾಳೆ.

ಅಪರಾಧವನ್ನೇ ವಸ್ತುವಾಗಿಟ್ಟುಕೊಂಡೂ ಇದನ್ನು ಸಾಧಿಸಬಹುದೆಂಬುದಕ್ಕೆ ಶರ್ಲಿ ಜಾಕ್ಸನ್ ಅವರ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ (1962) ಸಾಕ್ಷಿ. ಸಕ್ಕರೆಯಲ್ಲಿ ವಿಷ ಬೆರೆಸಿ ಕುಟುಂಬವನ್ನೇ ಕೊಂದವಳು ಹದಿನೆಂಟರ ನಿರೂಪಕಿ ಮೆರಿಕ್ಯಾಟ್. ಕೊಲೆ ನಡೆದಾಗ ಅವಳಿಗೆ ಹನ್ನೆರಡು. ಅಂದು ಊಟ ಕೊಡದೆ ಅವಳನ್ನು ಮಲಗಲು ಕಳಿಸಿದ್ದರೆಂಬ ವಿವರವನ್ನು ಲೇಖಕಿ ಮರೆಯುವುದಿಲ್ಲ. ಸಕ್ಕರೆಯ ಪಾತ್ರೆಯನ್ನು ತೊಳೆದಿಟ್ಟ ಅಕ್ಕ ಕಾನ್‌ಸ್ಟನ್ಸಳ ಮೌನವನ್ನೂ ಮರೆಯುವುದಿಲ್ಲ. ಕೊಲೆಗಾತಿ ಯಾರೆಂಬುದು ಇಲ್ಲಿ ತಿರುವಿನ ಬಂಡವಾಳವಲ್ಲ. ಅಕ್ಕ ತಂಗಿಯರಲ್ಲಿ ಯಾರು ಯಾರನ್ನು ಸೆರೆಯಲ್ಲಿಟ್ಟಿದ್ದಾರೆ ಎಂಬ ಪ್ರಶ್ನೆ ಕೊನೆಯ ಪುಟ ಮುಗಿದ ಮೇಲೂ ಮುಗಿಯದು.

ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಳೆಯ ಕಥನಗಳಲ್ಲಿಯೂ ಹುಟ್ಟುದುಷ್ಟನಾದ ಸೋದರನಿಲ್ಲವೇ? ಪಾರ್ಶ್ವನಾಥ ಚರಿತೆಯ ಕಮಠನು ಕ್ಷಮೆ ಬೇಡಲು ಬಂದ ತಮ್ಮ ಮರುಭೂತಿಯ ತಲೆಯ ಮೇಲೆ ಕಲ್ಲು ಹಾಕಿ ಕೊಂದವನು. ಅವನ ವೈರ ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟುತ್ತದೆ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಆ ಕಥೆಯಲ್ಲಿ ದ್ವೇಷಕ್ಕೆ ಆದಿಯಿದೆ: ತಮ್ಮನ ಹೆಂಡತಿಯ ಮೇಲಿನ ಮೋಹ, ಅರಸನ ದಂಡನೆ, ಊರ ಮುಂದಿನ ಅವಮಾನ. ದ್ವೇಷಕ್ಕೆ ಅಂತ್ಯವೂ ಇದೆ: ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಕೊನೆಗೆ ಆ ವೈರಿಯೂ ಶಾಂತನಾಗುತ್ತಾನೆ. ಆದಿ ಅಂತ್ಯಗಳುಳ್ಳದ್ದು ಸ್ವಭಾವವೆನಿಸದು. ಇನ್ನು 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿ ತಂದೆ ಹಂಚಿಕೊಟ್ಟ ರಾಜ್ಯವೂ, ಪುರದ ಬಾಗಿಲಲ್ಲಿ ತಡೆದು ನಿಂತ ಚಕ್ರವೂ ಓದುಗನ ಕಣ್ಣ ಮುಂದೆಯೇ ಇವೆ. ಭರತನನ್ನು ಖಳನೆಂದು ಕರೆದು ಬಾಹುಬಲಿಯ ಕಥೆಯನ್ನು ಮುಗಿಸಲು ಯಾವ ಓದುಗನಿಗೂ ಸಾಧ್ಯವಾಗದು. ಗೆದ್ದವನೇ ನಾಚುವ ಆ ಘಟ್ಟದಲ್ಲಿ ಅಧಿಕಾರದ ಹಂಬಲವು ಇಬ್ಬರನ್ನೂ ಮುಟ್ಟಿದ ರೋಗವಾಗಿ ಕಾಣುತ್ತದೆ.

ಇಷ್ಟನ್ನು ವಾದಿಸಬೇಕಾದುದು ಸಾಹಿತ್ಯಪ್ರಕಾರವೊಂದರ ಮಾನ ಅಳೆಯುವುದಕ್ಕಾಗಿ ಮಾತ್ರವಲ್ಲ. ಈ ಪುಸ್ತಕಗಳನ್ನು ಓದುವವರು ಹದಿಮೂರರಿಂದ ಹದಿನೆಂಟರವರು; ಅವರಲ್ಲಿ ಬಹುಮಂದಿ ಅಣ್ಣನೊಡನೆಯೋ ತಂಗಿಯೊಡನೆಯೋ ಒಂದೇ ಸೂರಿನ ಕೆಳಗೆ ಇರುವವರು. ತನ್ನೊಳಗೆ ಸುಡುತ್ತಿರುವ ಮತ್ಸರಕ್ಕೆ ಹೆಸರು ಹುಡುಕಿ ಪುಸ್ತಕ ತೆರೆದ ಹುಡುಗಿಗೆ ಈ ಪ್ರಕಾರ ಎರಡೇ ಹೆಸರುಗಳನ್ನು ಕೊಡುತ್ತದೆ: ರಾಕ್ಷಸಿ ಅಥವಾ ಬಲಿಪಶು. ಮೊದಲನೆಯದನ್ನು ಒಪ್ಪಿದವಳು ತನ್ನನ್ನು ತಾನು ಹೇಸುತ್ತಾಳೆ. ಎರಡನೆಯದನ್ನು ಒಪ್ಪಿದವಳು ತನ್ನ ತಂಗಿಗೆ ರೋಗದ ಹೆಸರಿಡುತ್ತಾಳೆ. ಯಾವ ಮನೆಯಲ್ಲಿ ಯಾವ ಪಾಲು ಯಾರಿಗೆ ಸಂದಿತು ಎಂದು ಕೇಳಲು ಇಬ್ಬರಿಗೂ ಹೊಳೆಯುವುದಿಲ್ಲ. ಪಾಲು ಹಂಚಿದ ಹಿರಿಯರು ಎರಡೂ ಕಡೆ ನಿರಪರಾಧಿಗಳಾಗಿ ಪಾರಾಗುತ್ತಾರೆ. ಹಿರಿಯರೇ ಬರೆದು, ಹಿರಿಯರೇ ಪ್ರಕಟಿಸಿ, ಹಿರಿಯರೇ ಬಹುಮಾನ ಕೊಡುವ ತರುಣಸಾಹಿತ್ಯದಲ್ಲಿ ಈ ಪಾರಾಗುವಿಕೆ ಆಕಸ್ಮಿಕವೆಂದು ತಿಳಿಯಲು ಆಧಾರವಿಲ್ಲ. ಸಂಶೋಧಕರು ಈ ಕೃತಿಗಳನ್ನು ಕೈಗೆತ್ತಿಕೊಂಡಾಗ ತಿರುವಿನ ಜಾಣ್ಮೆಯನ್ನು ಅಳೆಯುವ ಮುನ್ನ ಲೆವಿಯ ಮೇಜನ್ನು ನೆನೆಯಬೇಕು. ಅಲ್ಲಿದ್ದ ಮೂರು ಬೊಂಬೆಗಳಲ್ಲಿ ಕಾದಂಬರಿ ಯಾವುದನ್ನು ಎತ್ತಿಟ್ಟಿದೆ, ಯಾರ ಅನುಕೂಲಕ್ಕಾಗಿ ಎತ್ತಿಟ್ಟಿದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.