ಕೊಟ್ಟ ಮಾತಿಗೆ ವಾಯಿದೆ ಕೇಳುವವರು

ಡಿಸೆಂಬರ್ ಬಂತೆಂದರೆ ಅಮೆರಿಕದಲ್ಲಿ ಆರ್ಮಿ-ನೇವಿ ಫುಟ್‌ಬಾಲ್ ಪಂದ್ಯ. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ, ಅದು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ನನಗೆ ಆ ಆಟ ಅರ್ಧಂಬರ್ಧವೇ ಅರ್ಥವಾಗುವುದು. ಆದರೂ ಈ ಒಂದು ಪಂದ್ಯವನ್ನು ತಪ್ಪಿಸುವುದಿಲ್ಲ. ಆಟ ಮುಗಿದ ಮೇಲೆ ಎರಡೂ ತಂಡದ ಹುಡುಗರು ಒಟ್ಟಿಗೆ ನಿಂತು ಮೊದಲು ಸೋತವರ, ಆಮೇಲೆ ಗೆದ್ದವರ ಗೀತೆ ಹಾಡುತ್ತಾರೆ. ಅವರಲ್ಲಿ ಕೊನೇ ವರ್ಷದವರು ಇನ್ನಾರು ತಿಂಗಳಲ್ಲಿ ಅಧಿಕಾರಿಗಳಾಗಿ ಯಾವ ಮೂಲೆಗೆ ಹೋಗುತ್ತಾರೋ ಎಂದು ನೆನೆದರೆ ಗಂಟಲು ಕಟ್ಟುತ್ತದೆ.

ಆದರೆ ಅವರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬೇರೆ ಕಾನೂನು ಬೇಕಂತೆ. ಚೆನ್ನಾಗಿ ಆಡುವವನನ್ನು ಮೊದಲು ಎನ್‌ಎಫ್‌ಎಲ್‌ಗೆ ಬಿಡಿ, ಸೈನ್ಯ ಎಲ್ಲಿಗೂ ಓಡಿಹೋಗಲ್ಲ, ಆಡಿ ಮುಗಿಸಿ ಬಂದು ಸೇವೆ ಮಾಡ್ತಾನೆ, ಅಂತ. ನಾನಿದನ್ನು ಒಪ್ಪಲ್ಲ.

ಮೊದಲು ಒಪ್ಪಂದ ಏನು ಅಂತ ನೋಡೋಣ. ವೆಸ್ಟ್ ಪಾಯಿಂಟ್‌ನಲ್ಲಾಗಲಿ, ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಾಗಲಿ ನಾಲ್ಕು ವರ್ಷ ಓದು, ಊಟ, ವಸತಿ ಎಲ್ಲ ಸರ್ಕಾರದ್ದು. ಮೇಲೆ ತಿಂಗಳಿಗಿಷ್ಟು ಕೈಖರ್ಚು. ಬದಲಿಗೆ ಪದವಿಯ ನಂತರ ಕನಿಷ್ಠ ಐದು ವರ್ಷ ಸೇನೆಯಲ್ಲಿ ಕೆಲಸ. ವೆಸ್ಟ್ ಪಾಯಿಂಟ್ ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು 1,200 ಮಂದಿಯನ್ನು. ಅರ್ಜಿ ಹಾಕಿ ನಿರಾಶರಾಗುವವರು ಅದರ ಎಷ್ಟೋ ಪಟ್ಟು. ಅಂದರೆ ಒಳಗೆ ಹೋದ ಪ್ರತಿ ಹುಡುಗನ ಹಿಂದೆ, ಆ ಸೀಟು ಸಿಗದೆ ಹೊರಗೆ ನಿಂತ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ.

ಇನ್ನೊಂದು ಸಂಗತಿಯನ್ನು ಈ ವಾದ ಮಾಡುವವರು ಹೇಳುವುದೇ ಇಲ್ಲ. ಮೊದಲ ಎರಡು ವರ್ಷ ಮುಗಿಯುವ ತನಕ ಯಾವ ಕೆಡೆಟ್ ಬೇಕಾದರೂ ಬಿಟ್ಟು ಹೋಗಬಹುದು. ಸೇವೆಯೂ ಇಲ್ಲ, ಸಾಲವೂ ಇಲ್ಲ. ಮೂರನೇ ವರ್ಷದ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಪ್ರತಿಜ್ಞೆ ಮಾಡಿದ ಮೇಲಷ್ಟೇ ಋಣ ಶುರು. ಇಪ್ಪತ್ತರ ಹುಡುಗನಿಗೆ ಎರಡು ವರ್ಷ ಯೋಚಿಸಲು ಪುರುಸೊತ್ತು ಕೊಟ್ಟು, ಆಮೇಲೆ ಕೈ ಮುಂದೆ ಚಾಚಿ ಮಾತು ತಗೊಂಡಿದಾರೆ ಸ್ವಾಮಿ. ಇದರಲ್ಲಿ ಮೋಸ ಎಲ್ಲಿ ಬಂತು?

ಮೋಸ ಇರುವುದು ಸರ್ಕಾರದ ಕಡೆ, ಅದನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಕೇಲೆಬ್ ಕ್ಯಾಂಬೆಲ್‌ನನ್ನು ಆರಿಸಿಕೊಂಡಿತ್ತು. ತರಬೇತಿ ಶಿಬಿರ ಇನ್ನೇನು ಶುರು ಅನ್ನುವಾಗ ಸೈನ್ಯ ನಿಯಮ ಬದಲಿಸಿ ಅವನನ್ನು ವಾಪಸ್ ಕರೆಸಿತು. 2016ರಲ್ಲಿ ನೌಕಾಪಡೆಯ ಕೀನನ್ ರೆನಾಲ್ಡ್ಸ್‌ಗೆ ಆಡಲು ಬಿಟ್ಟರು. ಮರುವರ್ಷ ರಕ್ಷಣಾ ಸಚಿವ ಮ್ಯಾಟಿಸ್, ಮೊದಲು ಎರಡು ವರ್ಷ ಸೇವೆ ಅಂದರು. 2019ರಲ್ಲಿ ಟ್ರಂಪ್ ಮತ್ತೆ ಬಾಗಿಲು ತೆಗೆಸಿದರು. 2022ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸು ಮುಚ್ಚಲು ಹೊರಟಿತು. ಆಗ ಕೊನೇ ವರ್ಷದಲ್ಲಿದ್ದ ಆಂಡ್ರೆ ಕಾರ್ಟರ್ ಕಂಗಾಲಾದ. ಗಲಾಟೆಯಾದ ಮೇಲೆ ಮೊದಲೇ ಸೇರಿದ್ದವರಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ನ್ಯಾಯವೇ. ಆಟದ ನಡುವೆ ಗೋಲ್‌ಪೋಸ್ಟ್ ಕಿತ್ತು ಬೇರೆ ಕಡೆ ನೆಡಬಾರದು. ಆದರೆ ಹೊಸದಾಗಿ ಸೇರುವವರಿಗೆ ನಿಯಮ ಒಂದೇ ಇರಲಿ, ಅದು ಮೊದಲು ಸೇವೆ ಅಂತಲೇ ಇರಲಿ.

ಆಟಗಾರನ ಆಯಸ್ಸು ಕಡಿಮೆ, ಐದು ವರ್ಷ ಹೋದರೆ ಮುಗೀತು ಅನ್ನುತ್ತಾರೆ. ಹೌದಾ? ರೋಜರ್ ಸ್ಟಾಬಾಕ್ 1965ರಲ್ಲಿ ಅನಾಪೊಲಿಸ್‌ನಿಂದ ಹೊರಬಂದು, ವಿಯೆಟ್ನಾಂ ಸೇರಿದಂತೆ ನಾಲ್ಕು ವರ್ಷ ಸೇವೆ ಮುಗಿಸಿ, 1969ರಲ್ಲಿ ಡಲ್ಲಾಸ್ ತಂಡ ಸೇರಿ ಎರಡು ಸೂಪರ್ ಬೌಲ್ ಗೆದ್ದರು. ಏಳಡಿ ಎತ್ತರದ ಡೇವಿಡ್ ರಾಬಿನ್ಸನ್‌ರನ್ನು ಬ್ಯಾಸ್ಕೆಟ್‌ಬಾಲ್‌ನ ಸ್ಯಾನ್ ಆಂಟೋನಿಯೋ ತಂಡ ಎರಡು ವರ್ಷ ಕಾದು ಕರೆದುಕೊಂಡಿತು. ಅಲೆಹಾಂಡ್ರೊ ವಿಯನುವೇವಾ ಅಫ್ಘಾನಿಸ್ತಾನಕ್ಕೆ ಮೂರು ಸಲ ಹೋಗಿಬಂದು ಆಮೇಲೆ ಪಿಟ್ಸ್‌ಬರ್ಗ್ ತಂಡದಲ್ಲಿ ನೆಲೆ ಕಂಡರು. ಎಲ್ಲರಿಗೂ ಹೀಗಾಗಲ್ಲ, ಗೊತ್ತು. ಕೆಲವರ ಆಟ ನಿಜವಾಗಿಯೂ ಮುಗಿದುಹೋಗುತ್ತದೆ. ಆ ನಷ್ಟ ಸಣ್ಣದೇನಲ್ಲ. ಆದರೆ ನಷ್ಟವೇ ಇಲ್ಲದ ಮಾತನ್ನು ಯಾರು ಬೇಕಾದರೂ ಕೊಡಬಹುದಲ್ಲ?

ಅವನು ಟಿವಿಯಲ್ಲಿ ಕಂಡರೆ ಸೈನ್ಯಕ್ಕೇ ಪ್ರಚಾರ ಅನ್ನುವುದು ಇನ್ನೊಂದು ವಾದ. ಏನ್ರೀ ಪ್ರಚಾರ? ಸೈನ್ಯಕ್ಕೆ ಹೋಗದೆ ಇರುವುದು ಹೇಗೆ ಅಂತಲಾ? ಅದೇ ತರಗತಿಯಲ್ಲಿ ಓದಿ, ಇಪ್ಪತ್ತೆರಡನೇ ವಯಸ್ಸಿಗೆ ನಲವತ್ತು ಸೈನಿಕರ ಜವಾಬ್ದಾರಿ ಹೊತ್ತವಳಿಗೆ, ನಿನಗಿಂತ ಆ ಆಟಗಾರ ದೇಶಕ್ಕೆ ಹೆಚ್ಚು ಉಪಯೋಗ ಅಂದ ಹಾಗಾಗುವುದಿಲ್ಲವೇ? ವೈದ್ಯಕೀಯ ಓದಲು ಬಿಡ್ತಾರಲ್ಲ ಅನ್ನಬಹುದು. ಬಿಡುತ್ತಾರೆ. ಅವರು ಸೇನೆಯ ಅಧಿಕಾರಿಗಳಾಗಿಯೇ ಓದಿ, ಸೇನೆಗೇ ವೈದ್ಯರಾಗುತ್ತಾರೆ, ಸೇವೆಯ ಅವಧಿಯೂ ಬೆಳೆಯುತ್ತದೆ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಹೆಂಡತಿ ಕೇಳಿದಳು. ಕಾರಣ ವೆಸ್ಟ್ ಪಾಯಿಂಟ್‌ನಲ್ಲಿಲ್ಲ, ನಮ್ಮೂರಲ್ಲಿದೆ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರ ಆಸ್ಪತ್ರೆಗೆ ಒಬ್ಬ ಡಾಕ್ಟರು ಬರುತ್ತಾರೆ ಅಂತ ಗೋಡೆಗೆ ಸುಣ್ಣ ಹೊಡೆಸಿದ್ದರು. ಸರ್ಕಾರಿ ಸೀಟಲ್ಲಿ ಓದಿದವರು, ಹಳ್ಳಿಯಲ್ಲಿ ಕೆಲಸ ಮಾಡ್ತೀನಿ ಅಂತ ಬಾಂಡ್ ಬರೆದುಕೊಟ್ಟಿದ್ದವರು. ಬರಲೇ ಇಲ್ಲ. ಬಾಂಡಿನ ದುಡ್ಡು ಕಟ್ಟಿ ಪಟ್ಟಣದಲ್ಲೇ ಉಳಿದರಂತೆ. ಲೆಕ್ಕ ಚುಕ್ತಾ! ಅಜ್ಜಿಯನ್ನು ರಾತ್ರಿ ಹಾಲಿನ ವ್ಯಾನಿನಲ್ಲಿ ತಾಲೂಕಿಗೆ ಸಾಗಿಸಿದ್ದು ನನಗೆ ನೆನಪಿದೆ. ಆ ರಾತ್ರಿ ನಮಗೆ ಬೇಕಾಗಿದ್ದು ದುಡ್ಡಲ್ಲ, ಡಾಕ್ಟರು.

ಆಮೇಲೆ ಮಾಡ್ತೀನಿ ಅನ್ನುವವನ ಲೆಕ್ಕದಲ್ಲಿ ಇದೊಂದು ಬಿಟ್ಟುಹೋಗುತ್ತದೆ. ಸೇವೆ ಅಂದರೆ ಬಡ್ಡಿ ಸೇರಿಸಿ ಯಾವಾಗಲಾದರೂ ತೀರಿಸುವ ಸಾಲವಲ್ಲ. ಈ ವರ್ಷ ಆ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿರಬೇಕು. ಅವನು ನಿಲ್ಲದಿದ್ದರೆ ಇನ್ನೊಬ್ಬ ನಿಲ್ಲಬೇಕು, ಇಲ್ಲವೇ ಜಾಗ ಖಾಲಿ. ಮೂವತ್ತೆರಡಕ್ಕೆ ಮಂಡಿ ಸವೆಸಿಕೊಂಡು ಬರುವವನು ಆ ಖಾಲಿ ಜಾಗವನ್ನು ಹಿಂದಕ್ಕೆ ಹೋಗಿ ತುಂಬಲಾರ.

ಆಟವೇ ದೊಡ್ಡದು ಅನಿಸಿದರೆ ತಪ್ಪೇನಿಲ್ಲ ತಮ್ಮಾ. ಎರಡನೇ ವರ್ಷಕ್ಕೇ ಎದ್ದು ಹೋಗು, ನಿನ್ನ ಆಟ ನೋಡಿ ನಾನೂ ಚಪ್ಪಾಳೆ ಹೊಡೀತೀನಿ. ಉಳಿದೆಯೋ, ಮೊದಲು ಡ್ಯೂಟಿಗೆ ನಡಿ.